ಬೇಟೆಗೂ ಚಾರಣಕ್ಕೂ ಒಂದೇ ಸಾಫ್ಟ್‌ಶೆಲ್ ಜಾಕೆಟ್: ಮಳೆಯೂ ನಿಲ್ಲಬೇಕು, ಬೆವರೂ ಹೊರಹೋಗಬೇಕು

ಮಂಜಿನ ಹಾದಿ:
ಎಲ್ಲರಿಗೂ ನಮಸ್ಕಾರ. ಜಾಕೆಟ್ ವಿಷಯದಲ್ಲಿ ಸಹಾಯ ಬೇಕು. ಚಾರಣಕ್ಕೂ ಬೇಟೆಗೂ ಒಂದೇ ಜಾಕೆಟ್ ಇಟ್ಟುಕೊಳ್ಳುವ ಆಸೆ ನನ್ನದು. ಮೂರು ವರ್ಷದ ಹಿಂದೆ ಒಂದು ಸಾಫ್ಟ್‌ಶೆಲ್, ಅಂದರೆ ಮೆತ್ತಗಿನ, ಹಿಗ್ಗುವ ಬಟ್ಟೆಯ ಜಾಕೆಟ್, ತೆಗೆದುಕೊಂಡೆ. ಅದರ ಚೀಟಿಯಲ್ಲಿ ವಾಟರ್‌ಪ್ರೂಫ್, 10,000 ಮಿಲಿಮೀಟರ್ ಎಂದು ದೊಡ್ಡದಾಗಿ ಬರೆದಿತ್ತು. ಹೋದ ತಿಂಗಳು ಬೆಳಗಿನ ಜಾವ ಹತ್ತಲು ಶುರು ಮಾಡಿದೆ, ಸಣ್ಣ ಮಳೆ ಬಿಡದೆ ಹನಿಯುತ್ತಿತ್ತು, ಮೂರನೇ ಗಂಟೆಗೆ ಹೆಗಲು ಒದ್ದೆ, ಬೆನ್ನು ಒದ್ದೆ, ತೋಳಿನ ಒಳಗೆಲ್ಲ ತಣ್ಣಗೆ ಅಂಟಿಕೊಂಡಂತೆ ಆಗಿತ್ತು. ಅದು ಮಳೆ ನೀರೋ ನನ್ನ ಬೆವರೋ ಈಗಲೂ ಗೊತ್ತಿಲ್ಲ. ಅದರ ಮೇಲೆ ದಿಬ್ಬದ ಅಂಚಿನಲ್ಲಿ ಅಲುಗಾಡದೆ ಕೂರಬೇಕಿತ್ತು. ಅರ್ಧ ಗಂಟೆಗೆ ನಡುಕ ಶುರುವಾಯಿತು. ಕೈ ನಡುಗುತ್ತಿದ್ದರೆ ಗುರಿ ಹಿಡಿಯುವ ಮಾತೇ ಇಲ್ಲ, ಹಾಗಾಗಿ ಎದ್ದು ವಾಪಸ್ ಇಳಿದೆ.

ಈಗ ಹೊಸದು ನೋಡುತ್ತಿದ್ದೇನೆ. 10,000 ಸಾಲದಿದ್ದರೆ 20,000 ತೆಗೆದುಕೊಂಡರೆ ಸರಿಹೋಗುತ್ತದಾ? ಅಥವಾ ನಾನು ನೋಡುತ್ತಿರುವ ಅಳತೆಯೇ ತಪ್ಪಾ?

ನಿಧಾನ ನಡಿಗೆ:
ಸಂಖ್ಯೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು ಆ ಹಳೇ ಜಾಕೆಟನ್ನು ಒಳಹೊರಗು ಮಾಡಿ ಹೆಗಲಿನ ಹೊಲಿಗೆ ನೋಡಿ. ಹೊಲಿಗೆಯ ಉದ್ದಕ್ಕೂ ಒಂದು ಬೆರಳಗಲದ ಪಟ್ಟಿ, ಪ್ಲಾಸ್ಟಿಕ್ ಟೇಪ್ ಥರದ್ದು, ಅಂಟಿಸಿದೆಯಾ? ಇಲ್ಲದಿದ್ದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಬಟ್ಟೆ 10,000 ತಡೆಯಬಹುದು, ಆದರೆ ಸೂಜಿ ಚುಚ್ಚಿದ ನೂರಾರು ತೂತು ಏನನ್ನೂ ತಡೆಯುವುದಿಲ್ಲ. ಚೀಟಿಯಲ್ಲಿ ಬರೆದದ್ದು ಬಟ್ಟೆಯ ಅಳತೆ, ಹೊಲಿದು ಮುಗಿದ ಜಾಕೆಟ್‌ನದ್ದಲ್ಲ.

ಸಾಫ್ಟ್‌ಶೆಲ್ ಎನ್ನುವ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಬಟ್ಟೆ ಮಾರಾಟವಾಗುತ್ತವೆ, ಗೊಂದಲವೆಲ್ಲ ಇಲ್ಲಿಂದಲೇ. ಒಂದು, ಒಳಗೆ ಯಾವ ಪೊರೆಯೂ (ಗಾಳಿ, ನೀರು ತಡೆಯಲು ಬಟ್ಟೆಗೆ ಅಂಟಿಸುವ ತೆಳು ಪದರ) ಇಲ್ಲದ, ಬಿಗಿಯಾಗಿ ನೇಯ್ದು ಹಿಗ್ಗುವಂತೆ ಮಾಡಿದ ನೈಲಾನ್. ಇದು ಚೆನ್ನಾಗಿ ಉಸಿರಾಡುತ್ತದೆ, ಬೇಗ ಒಣಗುತ್ತದೆ, ತುಂತುರಿಗೆ ಸಾಕು, ಮಳೆಗೆ ಸಾಲದು. ಎರಡನೆಯದರಲ್ಲಿ ಗಾಳಿ ತಡೆಯುವ ಪೊರೆ ಇರುತ್ತದೆ ಆದರೆ ಹೊಲಿಗೆಗೆ ಟೇಪ್ ಇರುವುದಿಲ್ಲ. ಅಂಗಡಿಯಲ್ಲಿ ಕಾಣುವುದು ಇದೇ ಜಾಸ್ತಿ, ನಿಮ್ಮದೂ ಇದೇ ಇರಬೇಕು. ಮೂರನೆಯದರಲ್ಲಿ ಪೊರೆಯೂ ಇದೆ, ಟೇಪೂ ಇದೆ. ಅದು ನಿಜಕ್ಕೂ ಮೆತ್ತನೆಯ ಬಟ್ಟೆ ಹೊದಿಸಿದ ಮಳೆ ಜಾಕೆಟ್. ವಾಟರ್‌ಪ್ರೂಫ್ ಎಂಬ ಮಾತು ಪೂರ್ತಿ ಸಲ್ಲುವುದು ಇದಕ್ಕೆ ಮಾತ್ರ.

ಎರಡನೆಯದು ನನಗೆ ಅಷ್ಟು ಇಷ್ಟವಿಲ್ಲ ಎಂದು ನೇರವಾಗಿಯೇ ಹೇಳುತ್ತೇನೆ. ಹತ್ತುವಾಗ ಬೆವರು ಕಟ್ಟಿಹಾಕುತ್ತದೆ, ಮಳೆ ಬಂದರೆ ಸೋರುತ್ತದೆ. ಒಣ ಚಳಿಯಲ್ಲಿ ಗಾಳಿ ಬೀಸುವ ಜಾಗದಲ್ಲಿ ಕೂರುವವರಿಗೆ ಮಾತ್ರ ಅದು ಒಳ್ಳೆಯದು.

ಮಂಜಿನ ಹಾದಿ:
ಈಗಷ್ಟೇ ನೋಡಿದೆ. ಟೇಪ್ ಇಲ್ಲ. ಹೆಗಲಲ್ಲೂ ಇಲ್ಲ, ಟೋಪಿ ಸೇರುವ ಜಾಗದಲ್ಲೂ ಇಲ್ಲ. ಇಷ್ಟು ದಿನ ಒಮ್ಮೆಯೂ ಒಳಗೆ ತಿರುಗಿಸಿ ನೋಡಿರಲಿಲ್ಲ.

ತೇವದ ಲೆಕ್ಕ:
ಸಂಖ್ಯೆ ಪಕ್ಕಕ್ಕಿಡಿ ಎಂದಿದ್ದು ಸರಿ, ಆದರೆ ಅದರ ಅರ್ಥ ಗೊತ್ತಿದ್ದರೆ ಮುಂದೆ ಮೋಸ ಹೋಗುವುದಿಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

10,000 ಮಿಲಿಮೀಟರ್ ಎಂದರೆ ಬಟ್ಟೆಯ ಮೇಲೆ 10 ಮೀಟರ್ ಎತ್ತರದ ನೀರು ನಿಂತಾಗ ಬೀಳುವ ಒತ್ತಡ, ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಭಾರ. ಐಎಸ್‌ಒ 811 ಎಂಬ ಪರೀಕ್ಷೆಯಲ್ಲಿ ಒತ್ತಡ ಏರಿಸುತ್ತಾ ಹೋಗಿ, ಮೂರು ಕಡೆ ಹನಿ ತೂರಿ ಬಂದಾಗಿನ ಅಳತೆ ಬರೆದುಕೊಳ್ಳುತ್ತಾರೆ. ಮೇಲಿಂದ ಬೀಳುವ ಮಳೆಹನಿಗೆ ಅಷ್ಟು ಒತ್ತಡವಿಲ್ಲ. ಒತ್ತಡ ಬರುವುದು ಚೀಲದ ಪಟ್ಟಿಯ ಕೆಳಗೆ, ಒದ್ದೆ ನೆಲಕ್ಕೆ ಮೊಣಕೈ ಊರಿ ಮಲಗಿದಾಗ, ಒದ್ದೆ ಬಂಡೆಗೆ ಒರಗಿ ಕೂತಾಗ. ಹಾಗಾಗಿ ಭಾರದ ಚೀಲ ಹೊರುವವರಿಗೆ, ಮಲಗಿ ಕಾಯುವವರಿಗೆ 20,000 ಉಪಯೋಗಕ್ಕೆ ಬರುತ್ತದೆ. ಉಳಿದವರಿಗೆ ಟೇಪ್ ಇರುವ 10,000 ಸಾಕು. ಟೇಪ್ ಇಲ್ಲದ 20,000ಕ್ಕಿಂತ ಅದೇ ಒಳ್ಳೆಯದು.

ಉಸಿರಾಟದ ಸಂಖ್ಯೆ ಇನ್ನೂ ತಲೆನೋವಿನದು. ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ಹೊರಹೋಗುತ್ತದೆ ಎಂಬ ಲೆಕ್ಕ ಅದು. 10,000 ಗ್ರಾಂ ಎಂದರೆ ಭಾರಿ ಎನಿಸುತ್ತದೆ ಅಲ್ವಾ? 24ರಿಂದ ಭಾಗಿಸಿ ನೋಡಿ. ಗಂಟೆಗೆ ಸುಮಾರು 417 ಗ್ರಾಂ. ಕಡಿದಾದ ದಾರಿಯಲ್ಲಿ ಜೋರಾಗಿ ಹತ್ತುವವನು ಗಂಟೆಗೆ ಒಂದು ಲೀಟರ್ ಬೆವರಬಹುದು. ಅಂದರೆ ಪರೀಕ್ಷೆಯ ಕೋಣೆಯಲ್ಲಿ ಬಂದ ಅಷ್ಟೇ ಫಲ ಬೆಟ್ಟದಲ್ಲೂ ಬಂದರೂ ಬಟ್ಟೆ ಹಿಂದೆ ಬೀಳುತ್ತದೆ. ಬೆಟ್ಟದಲ್ಲಿ ಅದು ಬರುವುದೂ ಇಲ್ಲ. ಪೊರೆಯೊಳಗಿನ ಆವಿ ಹೊರಗೆ ಹೋಗಬೇಕಾದರೆ ಒಳಗಿಗಿಂತ ಹೊರಗೆ ಆವಿ ಕಡಿಮೆ ಇರಬೇಕು. ಚಳಿಗಾಲದ ಒಣ ಗಾಳಿಯಲ್ಲಿ ಈ ವ್ಯತ್ಯಾಸ ಚೆನ್ನಾಗಿರುತ್ತದೆ, ಬೆಚ್ಚಗಿನ ಜಡಿಮಳೆಯಲ್ಲಿ ಹೊರಗೂ ಆವಿ ತುಂಬಿರುತ್ತದೆ, ಆಗ ಎಂಥ ಪೊರೆಯಾದರೂ ಹೆಚ್ಚುಕಡಿಮೆ ರೇನ್‌ಕೋಟ್ ಆಗುತ್ತದೆ.

ಇನ್ನೊಂದು, ಪರೀಕ್ಷೆಯ ವಿಧಾನ ಬೇರೆಯಾದರೆ ಅದೇ ಬಟ್ಟೆಗೆ ಎಷ್ಟೋ ಪಟ್ಟು ಬೇರೆ ಸಂಖ್ಯೆ ಬರುತ್ತದೆ. ನೀರಿನ ಬಟ್ಟಲಿನ ಬಾಯಿಗೆ ಬಟ್ಟೆ ಬಿಗಿದು ನೆಟ್ಟಗೆ ಇಟ್ಟು ಅಳೆದರೆ ಒಂದು, ಬಟ್ಟೆಗೆ ನೀರು ತಾಗುವಂತೆ ಕವುಚಿ ಅಳೆದರೆ ಇನ್ನೊಂದು. ಹಾಗಾಗಿ ಎರಡು ಕಂಪನಿಯ ಚೀಟಿ ಪಕ್ಕಪಕ್ಕ ಇಟ್ಟು ಹೋಲಿಸಿ ಪ್ರಯೋಜನವಿಲ್ಲ. ಆರ್‌ಇಟಿ ಎಂಬ ಅಳತೆ ಕೊಟ್ಟಿದ್ದರೆ ಅದನ್ನು ನೋಡಿ. ಅದು ಆವಿಗೆ ಬಟ್ಟೆ ಒಡ್ಡುವ ತಡೆ, ಆದ್ದರಿಂದ ಕಡಿಮೆ ಇದ್ದಷ್ಟೂ ಒಳ್ಳೆಯದು. 6ಕ್ಕಿಂತ ಕೆಳಗಿದ್ದರೆ ತುಂಬ ಚೆನ್ನಾಗಿದೆ, 20 ದಾಟಿದರೆ ಹತ್ತುವಾಗ ಒಳಗೇ ಬೆಂದು ಹೋಗುತ್ತೀರಿ.

ಮಂಜಿನ ಹಾದಿ:
ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ತುಂಬ ಥ್ಯಾಂಕ್ಸ್. ಆದರೆ ಒದ್ದೆಯಾದಾಗ ಅದು ಸೋರಿದ್ದೋ ಬೆವರೋ ಕಂಡುಹಿಡಿಯುವುದು ಹೇಗೆ?

ತೇಪೆ:
ಮನೆಯ ಶವರ್ ಸಾಕು. ಒಳಗೆ ಬೂದು ಬಣ್ಣದ ತೆಳು ಹತ್ತಿ ಟೀ ಶರ್ಟ್ ಹಾಕಿಕೊಳ್ಳಿ, ಒದ್ದೆಯಾದ ಜಾಗ ಅದರಲ್ಲಿ ಕಪ್ಪಾಗಿ ಕಾಣುತ್ತದೆ. ಮೇಲೆ ಜಾಕೆಟ್, ಆಮೇಲೆ ಖಾಲಿ ಚೀಲವನ್ನಾದರೂ ಹೆಗಲಿಗೇರಿಸಿ ಪಟ್ಟಿ ಬಿಗಿಯಿರಿ. ತಣ್ಣೀರಿನ ಕೆಳಗೆ ಹತ್ತು ನಿಮಿಷ ಸುಮ್ನೆ ನಿಲ್ಲಿ. ಅಲುಗಾಡದೆ ನಿಂತರೆ ಬೆವರು ಬರುವುದಿಲ್ಲ, ಆದ್ದರಿಂದ ಕಂಡ ಕಲೆಯೆಲ್ಲ ಸೋರಿಕೆಯೇ. ಕಲೆ ಗೆರೆಯಂತೆ ಇದ್ದರೆ ಹೊಲಿಗೆ. ಎದೆಯ ನಡುವೆ ಇದ್ದರೆ ಜಿಪ್. ಕುತ್ತಿಗೆಯಿಂದ ಇಳಿದಿದ್ದರೆ ಟೋಪಿಯ ಬಿಗಿ ಸರಿಯಿಲ್ಲ. ಬೆಟ್ಟದಲ್ಲಿ ಬೆನ್ನು, ಕಂಕುಳು, ಮೊಣಕೈ ಒಳಭಾಗ ಒಂದೇ ಸಮನೆ ತೇವವಾದರೆ ಅದು ಬಹುಪಾಲು ಬೆವರು.

ಹೊಳೆಯುವ ರಬ್ಬರ್ ಅಂಚಿನ ಜಿಪ್ ನೋಡಿ ನೀರು ಬರುವುದಿಲ್ಲ ಎಂದು ನಂಬಬೇಡಿ. ಅದು ನೀರನ್ನು ತಡವಾಗಿಸುತ್ತದೆ ಅಷ್ಟೇ. ಜಿಪ್ಪಿನ ಹಿಂದೆ ಬಟ್ಟೆಯ ಒಂದು ಮಡಿಕೆ ಇರಬೇಕು.

ಒಂಟಿ ಕಡವೆ:
ಎಲ್ಲರೂ ನೀರಿನ ಮಾತೇ ಆಡುತ್ತಿದ್ದೀರಿ, ಬೇಟೆಗೆ ಹೋಗುವವನಿಗೆ ಮೊದಲ ಪ್ರಶ್ನೆ ಸದ್ದು. ಮಳೆ ಜಾಕೆಟ್‌ನ ಗಟ್ಟಿ ನೈಲಾನ್ ಚರಪರ ಎನ್ನುತ್ತದೆ, ಚಳಿಯಲ್ಲಿ ಇನ್ನೂ ಸೆಟೆದುಕೊಳ್ಳುತ್ತದೆ. ಸಾಫ್ಟ್‌ಶೆಲ್‌ಗೆ ಬೇಟೆಗಾರರು ಒಲಿದಿರುವುದು ಇದಕ್ಕೇ. ಅಂಗಡಿಯಲ್ಲಿ ತೋಳನ್ನು ತೋಳಿಗೆ ಉಜ್ಜಿ, ಉಗುರಿನಿಂದ ಎದೆಯ ಮೇಲೆ ಒಮ್ಮೆ ಗೀರಿ. ಕಾಡಿನಲ್ಲಿ ಒಣ ಕಡ್ಡಿ ತಾಗಿದಾಗ ಬರುವ ಸದ್ದು ಅದೇ. ಹೊರಮೈ ಹೆಣೆದು ನವಿರಾಗಿ ಉಜ್ಜಿದ ಬಟ್ಟೆಯಾದರೆ ಸದ್ದು ಬಹಳ ಕಡಿಮೆ, ಆದರೆ ಅದು ನೀರು ಹೀರಿ ಭಾರವಾಗುತ್ತದೆ, ಮುಳ್ಳಿಗೆ ಎಳೆ ಏಳುತ್ತದೆ. ನೇಯ್ದ ನುಣುಪು ಹೊರಮೈ ಚಾರಣಕ್ಕೆ ಒಳ್ಳೆಯದು, ಸ್ವಲ್ಪ ಸದ್ದು ಮಾಡುತ್ತದೆ. ಎರಡಕ್ಕೂ ಒಂದೇ ಜಾಕೆಟ್ ಎಂದಾಗ ನೀವು ನಿಜವಾಗಿ ಆರಿಸುತ್ತಿರುವುದು ಇದನ್ನೇ.

ಮುಂಗೈಯಲ್ಲಿ, ಜೇಬಿನಲ್ಲಿ ವೆಲ್ಕ್ರೋ ಬೇಡ. ಆ ಪರ್ ಎಂಬ ಸದ್ದಿಗೆ ನೂರು ಹೆಜ್ಜೆ ಆಚೆಯ ಜಿಂಕೆಯೂ ತಲೆ ಎತ್ತುತ್ತದೆ. ಈಗ ಕೆಲವು ಜಾಕೆಟ್‌ಗಳಲ್ಲಿ ಅಯಸ್ಕಾಂತದ ಗುಂಡಿ ಬರುತ್ತಿವೆ, ಸದ್ದಿಲ್ಲ ನಿಜ, ಆದರೆ ಎದೆಯ ಜೇಬಿನಲ್ಲಿ ದಿಕ್ಸೂಚಿ ಇಡುವವರು ಹುಷಾರು.

ಬಂದೂಕಿನ ಹಿಡಿ ಕೂರುವ ಹೆಗಲಲ್ಲಿ ಜಿಪ್, ಜೇಬು, ದಪ್ಪ ಹೊಲಿಗೆ ಏನೂ ಇರಬಾರದು. ಹಾಕಿಕೊಂಡು ಎತ್ತಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಬಿಲ್ಲು ಹಿಡಿಯುವವರಾದರೆ ಮುಂಗೈ ಸಡಿಲ ಇರಬಾರದು, ಹೆದೆ ತೋಳಿಗೆ ತಾಗುತ್ತದೆ. ಮರದ ಮೇಲೆ ಕೂರುವವರು ಬೆನ್ನಿನಲ್ಲಿ ಸುರಕ್ಷತೆಯ ಹಗ್ಗ ಹೊರಬರಲು ಸೀಳು ಇದೆಯೇ ನೋಡಿ. ಜಾಕೆಟ್ ಹಾಕಿಕೊಳ್ಳಲು ಹಗ್ಗ ಬಿಚ್ಚುವಂತಾಗಬಾರದು.

ಬಣ್ಣದ ಬಗ್ಗೆ ಒಂದು ಮಾತು. ಜಿಂಕೆಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶ ಎರಡೇ ಬಗೆ. ಕಿತ್ತಳೆ, ಕೆಂಪು ಅದಕ್ಕೆ ಹಸಿರಿನಿಂದ ಬೇರೆಯಾಗಿ ತೋರುವುದಿಲ್ಲ, ನೀಲಿ ಮಾತ್ರ ನಮಗಿಂತ ಎದ್ದು ಕಾಣುತ್ತದೆ. ಆದ್ದರಿಂದ ನೀಲಿ ಜಾಕೆಟ್ ಬೇಡ. ಬಟ್ಟೆ ಬೆಳ್ಳಗೆ ಹೊಳೆಯಲಿ ಎಂದು ಹಾಕುವ ಸೋಪಿನ ಪುಡಿಯೂ ಬೇಡ, ಅದರಲ್ಲಿನ ಹೊಳಪಿನ ವಸ್ತು ನೀಲಿಯಾಗಿಯೇ ಮಿನುಗುತ್ತದೆ. ಕಿತ್ತಳೆ ಮೇಲಂಗಿ ಕಡ್ಡಾಯ ಇರುವ ಕಡೆ ಹಿಂಜರಿಯದೆ ಹಾಕಿ, ಪ್ರಾಣಿಗೆ ಅದು ಅಡ್ಡಿಯಲ್ಲ, ಮನುಷ್ಯರ ಜೀವ ಉಳಿಸುತ್ತದೆ. ಬೇಟೆಯ ಋತುವಿನಲ್ಲಿ ಅದೇ ಕಾಡಿನಲ್ಲಿ ನಡೆಯುವ ಚಾರಣಿಗರೂ ಹಾಕಬೇಕು, ದಯವಿಟ್ಟು.

ಬೆಟ್ಟದ ಗಾಳಿ:
ನನ್ನ ಅಭಿಪ್ರಾಯ ಬೇರೆ. ಎಲ್ಲವನ್ನೂ ಮಾಡುವ ಒಂದು ದಪ್ಪ ಜಾಕೆಟ್ ಹುಡುಕುವುದನ್ನೇ ಬಿಡಿ. ಪೊರೆ, ಟೇಪ್, ಒಳಗೆ ಉಣ್ಣೆಯಂಥ ಫ್ಲೀಸ್ ಎಲ್ಲ ಸೇರಿದ ಜಾಕೆಟ್ 700 ಗ್ರಾಂ ಆಸುಪಾಸು ತೂಗುತ್ತದೆ, ಬಿಸಿಯಾದರೆ ತೆಗೆದು ಚೀಲಕ್ಕೆ ತುರುಕಲೂ ಆಗುವುದಿಲ್ಲ, ಒಮ್ಮೆ ಒದ್ದೆಯಾದರೆ ರಾತ್ರಿ ಇಡೀ ಒಣಗುವುದಿಲ್ಲ. ನಾನು ಪೊರೆಯಿಲ್ಲದ ತೆಳು ಸಾಫ್ಟ್‌ಶೆಲ್ ಹಾಕಿಕೊಂಡು ಹತ್ತುತ್ತೇನೆ. 300 ಗ್ರಾಮಿನ ಒಂದು ಸಾದಾ ಮಳೆ ಜಾಕೆಟ್ ಚೀಲದ ಮೇಲ್ಗಡೆ ಇರುತ್ತದೆ. ಮಳೆ ಜೋರಾದರೆ ಮೇಲೆ ಹಾಕುತ್ತೇನೆ. ಎರಡೂ ಸೇರಿ ಅದೇ ತೂಕ, ಆದರೆ ಹತ್ತರಲ್ಲಿ ಎಂಟು ದಿನ ತೆಳ್ಳನೆಯದೇ ಸಾಕಾಗುತ್ತದೆ.

ಮಂಜಿನ ಹಾದಿ ಅವರೇ, ನಿಮ್ಮನ್ನು ನಡುಗಿಸಿದ್ದು ಮಳೆಯೊಂದೇ ಅಲ್ಲ. ಮೂರು ಗಂಟೆ ಬೆವರಿ ಒದ್ದೆಯಾದ ಮೈಯಲ್ಲಿ ಅಲುಗದೆ ಕೂತಿರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ಒಳಗಿನ ಬನಿಯನ್ ಹತ್ತಿಯದಾಗಿದ್ದರೆ ಹೊರಗೆ ಎಂಥ ಜಾಕೆಟ್ ಇದ್ದರೂ ಅದೇ ಗತಿ. ಹೊರಡುವಾಗ ಸ್ವಲ್ಪ ಚಳಿ ಎನಿಸುವಷ್ಟೇ ಬಟ್ಟೆ ಇರಲಿ. ಕೂರುವ ಜಾಗ ತಲುಪಿದ ಮೇಲೆ ಒಳಗಿನ ಒದ್ದೆ ಬನಿಯನ್ ಬದಲಿಸಿ, ಒಣಗಿದ್ದ ದಪ್ಪ ಪದರ ಹಾಕಿ, ಅದರ ಮೇಲೆ ಜಾಕೆಟ್.

ಒಂಟಿ ಕಡವೆ:
ಚಾರಣಕ್ಕೆ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ ಆ 300 ಗ್ರಾಮಿನ ಮಳೆ ಜಾಕೆಟ್ ಹಾಕಿಕೊಂಡು ನಾನು ಪ್ರಾಣಿಯ ಹತ್ತಿರ ಹೋಗಲಾರೆ. ಹನಿ ಬೀಳುವ ಸದ್ದೇ ತಲೆಯ ಮೇಲೆ ಟಪಟಪ ಎನ್ನುತ್ತದೆ, ನನಗೇ ಸುತ್ತಲಿನದು ಕೇಳುವುದಿಲ್ಲ. ನಾಲ್ಕು ಗಂಟೆ ಜಿಟಿಜಿಟಿ ಮಳೆಯಲ್ಲಿ ಕೂರುವವನಿಗೆ ಟೇಪ್ ಇರುವ ಮೆತ್ತನೆಯ ಜಾಕೆಟ್ ಎಷ್ಟು ತೂಗಿದರೂ ಬೇಕು. ಹತ್ತುವಾಗ ಅದನ್ನು ಹಾಕಿಕೊಳ್ಳುವುದೇ ಇಲ್ಲ, ಚೀಲಕ್ಕೆ ಹೊರಗೆ ಕಟ್ಟುತ್ತೇನೆ.

ಬೆಟ್ಟದ ಗಾಳಿ:
ಅದು ಸರಿಯಾದ ಮಾತು. ಹಾಗಾದರೆ ನಡೆಯುವ ಗಂಟೆ ಎಷ್ಟು, ಕೂರುವ ಗಂಟೆ ಎಷ್ಟು ಎಂಬುದೇ ಮೊದಲ ಪ್ರಶ್ನೆ ಆಗಬೇಕು. ಮಂಜಿನ ಹಾದಿ, ನಿಮ್ಮದು ಹೇಗೆ?

ಮಂಜಿನ ಹಾದಿ:
ವರ್ಷಕ್ಕೆ ಮೂವತ್ತು ದಿನ ಹೊರಗಿದ್ದರೆ ಇಪ್ಪತ್ತೈದು ದಿನ ಬರೀ ನಡಿಗೆ. ಬೇಟೆ ನಾಲ್ಕೈದು ದಿನ, ಅದರಲ್ಲೂ ನಡೆದೇ ಹೋಗಿ ಎರಡು ಮೂರು ಗಂಟೆ ಕೂರುವುದು. ಬರೆಯುತ್ತಿರುವಾಗಲೇ ಉತ್ತರ ಕಾಣುತ್ತಿದೆ.

ಮಳೆಬಿಲ್ಲು:
ತೊಳೆಯುವ ವಿಷಯ ಯಾರೂ ಎತ್ತಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಎಷ್ಟೋ ಜನ ಪೊರೆ ಹಾಳಾಯಿತು ಎಂದು ಎಸೆಯುವ ಜಾಕೆಟ್ ನಿಜಕ್ಕೂ ಕೊಳೆಯಾಗಿರುತ್ತದೆ ಅಷ್ಟೇ. ಹೊಸದರಲ್ಲಿ ನೀರು ಮಣಿಯಂತೆ ಉರುಳಿ ಹೋಗುತ್ತದೆ ಅಲ್ವಾ, ಅದು ಪೊರೆಯ ಕೆಲಸವಲ್ಲ, ಹೊರಬಟ್ಟೆಗೆ ಹಚ್ಚಿದ ಲೇಪದ ಕೆಲಸ. ಮೈಯ ಎಣ್ಣೆ, ಹೊಗೆ, ಮಣ್ಣು, ಚೀಲದ ತಿಕ್ಕಾಟ ಸೇರಿ ಲೇಪ ಸೋತಾಗ ಹೊರಬಟ್ಟೆ ನೀರು ಕುಡಿದು ತೊಪ್ಪೆಯಾಗುತ್ತದೆ. ಪೊರೆ ಇನ್ನೂ ತಡೆಯುತ್ತಿರುತ್ತದೆ, ಆದರೆ ಹೊರಗೆ ನೀರಿನ ಪದರ ನಿಂತ ಮೇಲೆ ಒಳಗಿನ ಆವಿಗೆ ದಾರಿ ಇಲ್ಲ. ಮೈ ತಣ್ಣಗಾಗುತ್ತದೆ, ಬೆವರು ಒಳಗೇ ನೀರಾಗುತ್ತದೆ, ಜಾಕೆಟ್ ಸೋರುತ್ತಿದೆ ಎನಿಸುತ್ತದೆ.

ಹಾಗಾಗಿ ತೊಳೆಯಿರಿ. ದ್ರವ ಸೋಪು, ಸುವಾಸನೆ ಇಲ್ಲದ್ದು, ಬಟ್ಟೆ ಮೆದುಮಾಡುವ ಕಂಡೀಷನರ್ ಯಾವತ್ತೂ ಬೇಡ, ಅದು ನೀರನ್ನು ಎಳೆದುಕೊಳ್ಳುತ್ತದೆ. ಎರಡು ಸಲ ಬರೀ ನೀರಿನಲ್ಲಿ ಜಾಲಾಡಿ. ಚೀಟಿಯಲ್ಲಿ ಅನುಮತಿ ಇದ್ದರೆ ಡ್ರೈಯರಿನಲ್ಲಿ ಕಡಿಮೆ ಬಿಸಿಗೆ ಸುಮಾರು ಇಪ್ಪತ್ತು ನಿಮಿಷ. ಬಿಸಿ ತಾಗಿದರೆ ಲೇಪ ಮತ್ತೆ ಎದ್ದು ನಿಲ್ಲುತ್ತದೆ. ಅದಾದ ಮೇಲೂ ನೀರು ಉರುಳದಿದ್ದರೆ ಮಾತ್ರ ಹೊಸ ಲೇಪ ಹಚ್ಚಿ, ನಿಕ್‌ವ್ಯಾಕ್ಸ್, ಗ್ರ್ಯಾಂಜರ್ಸ್ ಥರದ್ದು. ಒಳಗೆ ಫ್ಲೀಸ್ ಇರುವ ಸಾಫ್ಟ್‌ಶೆಲ್‌ಗೆ ಹೊರಗಿನಿಂದ ಸಿಂಪಡಿಸುವುದನ್ನೇ ಬಳಸಿ. ನೀರಿಗೆ ಬೆರೆಸಿ ಅದ್ದುವುದನ್ನು ಬಳಸಿದರೆ ಫ್ಲೀಸಿಗೂ ಲೇಪ ಹತ್ತಿ ಬೆವರು ಹೀರುವುದು ನಿಲ್ಲುತ್ತದೆ.

ಈಗಿನ ಹೊಸ ಜಾಕೆಟ್‌ಗಳಿಗೆ ಇದು ಇನ್ನೂ ಮುಖ್ಯ. ಹಿಂದಿನ ಲೇಪಗಳಲ್ಲಿ ಫ್ಲೋರಿನ್ ಸೇರಿದ ರಾಸಾಯನಿಕ ಇರುತ್ತಿತ್ತು, ಅದು ನೀರನ್ನೂ ಎಣ್ಣೆಯನ್ನೂ ದೂರ ಇಡುತ್ತಿತ್ತು. ಮಣ್ಣಿನಲ್ಲೂ ನೀರಿನಲ್ಲೂ ಕೊಳೆತು ಒಡೆಯದೆ ಹಾಗೇ ಉಳಿಯುವ ಕಾರಣ ಅವನ್ನು ಕೈಬಿಡುತ್ತಿದ್ದಾರೆ. ಯುರೋಪಿನ ಒಕ್ಕೂಟ ಅವುಗಳಲ್ಲಿ ಒಂದಾದ ಪಿಎಫ್‌ಒಎ ಮೇಲೆ 2020ರಲ್ಲಿ ನಿರ್ಬಂಧ ತಂದಿತು, ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಈ ವರ್ಗದ ರಾಸಾಯನಿಕ ಹಾಕಿದ ಹೊಸ ಬಟ್ಟೆ ಮಾರುವಂತಿಲ್ಲ, ಭಾರಿ ಮಳೆಗೆಂದೇ ಮಾಡಿದ ಉಡುಪಿಗೆ ಮಾತ್ರ 2028ರವರೆಗೆ ಸಮಯ ಇದೆ. ಗೋರ್-ಟೆಕ್ಸ್ ಪೊರೆ ಮಾಡುವ ಗೋರ್ ಕಂಪನಿ ಕೂಡ 2022ರಲ್ಲಿ ಈ ರಾಸಾಯನಿಕ ಇಲ್ಲದ, ಪಾಲಿಎಥಿಲೀನ್ ಮೂಲದ ಹೊಸ ಪೊರೆ ತಂದಿತು. ಇದೆಲ್ಲ ಒಳ್ಳೆಯದೇ. ಆದರೆ ಹೊಸ ಲೇಪ ಎಣ್ಣೆ ತಡೆಯುವುದಿಲ್ಲ, ಕೊರಳು, ಮುಂಗೈ ಬೇಗ ಕೊಳೆಯಾಗಿ ನೀರು ಕುಡಿಯುತ್ತವೆ. ಮೊದಲು ವರ್ಷಕ್ಕೊಮ್ಮೆ ತೊಳೆಯುತ್ತಿದ್ದವರು ಈಗ ಐದಾರು ಸಲ ಹೊರಗೆ ಹೋಗಿ ಬಂದ ಮೇಲಾದರೂ ತೊಳೆಯಬೇಕು.

ತೇಪೆ:
ಇದಕ್ಕೆ ಸೇರಿಸಿ: ಒದ್ದೆ ಜಾಕೆಟನ್ನು ಮುದುರಿ ಚೀಲದಲ್ಲಿ ವಾರಗಟ್ಟಲೆ ಇಟ್ಟರೆ ಪಾಲಿಯುರೆಥೇನ್ ಪೊರೆ ತೇವಕ್ಕೆ ಸಡಿಲವಾಗಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಮೇಲೆ ತೇಪೆ ಹಾಕಿ ಪ್ರಯೋಜನವಿಲ್ಲ. ಮುಳ್ಳು ಚುಚ್ಚಿದ ಸಣ್ಣ ತೂತಿಗೆ ಮಾತ್ರ ಅಂಟುವ ನೈಲಾನ್ ತೇಪೆ, ಮೂಲೆ ದುಂಡಗೆ ಕತ್ತರಿಸಿ ಹಾಕಿ, ಚೂಪು ಮೂಲೆ ಬೇಗ ಕಿತ್ತು ಬರುತ್ತದೆ.

ಕಲ್ಲುಹಾಸು:
ಅಳತೆಯ ಬಗ್ಗೆ ಚಿಕ್ಕದಾಗಿ. ಕೈ ಮೇಲೆತ್ತಿದಾಗ ಜಾಕೆಟ್ ಹೊಟ್ಟೆಯಿಂದ ಮೇಲೇರಬಾರದು. ಜೇಬು ಎದೆಯ ಮಟ್ಟದಲ್ಲಿರಲಿ, ಸೊಂಟದ ಮಟ್ಟದ ಜೇಬು ಚೀಲದ ಬೆಲ್ಟಿನ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಕಂಕುಳಲ್ಲಿ ಜಿಪ್ ಇದ್ದರೆ ಬಿಡಬೇಡಿ. ಪೊರೆಯ ಯಾವ ಸಂಖ್ಯೆಗಿಂತಲೂ ತೆರೆದ ಜಿಪ್ಪಿನಿಂದ ಹೊರಹೋಗುವ ಬೆವರು ಜಾಸ್ತಿ. ಟೋಪಿ ತಲೆಯೊಂದಿಗೆ ತಿರುಗಬೇಕು, ತಲೆ ತಿರುಗಿಸಿದಾಗ ಕಣ್ಣಿಗೆ ಬಟ್ಟೆ ಬಂದರೆ ಆ ಜಾಕೆಟ್ ವಾಪಸ್ ಇಡಿ.

ಮಂಜಿನ ಹಾದಿ:
ಐದು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರ ಮಾತು ಓದಿ, ಗಂಟೆಗಳ ಲೆಕ್ಕ ಹಾಕಿ, ಕೊನೆಗೆ ಪೊರೆಯಿಲ್ಲದ ತೆಳು ಸಾಫ್ಟ್‌ಶೆಲ್ ತೆಗೆದುಕೊಂಡೆ, ಕಂದು ಹಸಿರು ಬಣ್ಣ, ಕಂಕುಳ ಜಿಪ್ ಇದೆ, ವೆಲ್ಕ್ರೋ ಇಲ್ಲ. ಜೊತೆಗೆ ಟೇಪ್ ಇರುವ ಮಳೆ ಜಾಕೆಟ್ ಒಂದು. ಅಂಗಡಿಯಲ್ಲಿ ಆರು ಮಳೆ ಜಾಕೆಟ್‌ಗಳ ತೋಳು ಉಜ್ಜಿ ನೋಡಿದೆ, ಒಳಪದರ ಹೆಣಿಗೆಯದಾಗಿದ್ದು ಹೊರಮೈ ಸ್ವಲ್ಪ ಮೆತ್ತಗಿದ್ದ ಒಂದು ಉಳಿದವಕ್ಕಿಂತ ತುಂಬ ಕಡಿಮೆ ಸದ್ದು ಮಾಡಿತು. 420 ಗ್ರಾಂ ತೂಗುತ್ತದೆ, ಹಗುರ ಅಲ್ಲ, ಆದರೆ ಒಂಟಿ ಕಡವೆಯವರು ಹೇಳಿದ ಮಾತು ಮನಸ್ಸಿನಲ್ಲಿತ್ತು.

ಶವರ್ ಪರೀಕ್ಷೆ ಎರಡಕ್ಕೂ ಮಾಡಿದೆ. ಮಳೆ ಜಾಕೆಟ್‌ನಲ್ಲಿ ಕೊರಳ ಹತ್ತಿರ ಸಣ್ಣ ಕಲೆ ಕಂಡಿತು. ಟೋಪಿಯ ಹಿಂದಿನ ದಾರ ಎಳೆದು ಬಿಗಿ ಮಾಡಿ ಮತ್ತೆ ನಿಂತೆ, ಕಲೆ ಬರಲಿಲ್ಲ. ಹಳೇ ಜಾಕೆಟನ್ನೂ ತೊಳೆದು, ಹಾಕಿಕೊಂಡು ಶವರ್ ಕೆಳಗೆ ನಿಂತೆ, ಎರಡೂ ಹೆಗಲ ಹೊಲಿಗೆಯ ಉದ್ದಕ್ಕೂ ಕಪ್ಪು ಗೆರೆ. ನನ್ನನ್ನು ಒದ್ದೆ ಮಾಡಿದ್ದು ಅಲ್ಲಿ ಮಳೆ, ಬೆನ್ನಿನಲ್ಲಿ ನನ್ನದೇ ಬೆವರು.

ಹೋದ ಭಾನುವಾರ ಅದೇ ದಿಬ್ಬಕ್ಕೆ ಹೋಗಿದ್ದೆ. 6 ಡಿಗ್ರಿ ಇತ್ತು, ತುಂತುರು. ತೆಳ್ಳನೆಯದನ್ನೇ ಹಾಕಿ, ಎದೆಯ ಜಿಪ್ ಅರ್ಧ ತೆಗೆದು ಹತ್ತಿದೆ. ಮೊದಲ ಹದಿನೈದು ನಿಮಿಷ ಚಳಿಯಾಯಿತು, ಆಮೇಲೆ ಸರಿಹೋಯಿತು. ಮೇಲೆ ತಲುಪಿ ಬಂಡೆಯ ಮರೆಯಲ್ಲಿ ಬನಿಯನ್ ಬದಲಿಸಿ, ದಪ್ಪ ಪದರ, ಅದರ ಮೇಲೆ ಮಳೆ ಜಾಕೆಟ್. ಎರಡೂವರೆ ಗಂಟೆ ಕೂತೆ. ಹೆಗಲು ಒಣಗಿತ್ತು. ಕೈ ಸ್ಥಿರವಾಗಿತ್ತು. ಪ್ರಾಣಿ ಯಾವುದೂ ಬರಲಿಲ್ಲ.

ಹಳೇ ಜಾಕೆಟನ್ನು ಎಸೆದಿಲ್ಲ. ಒಣ ಚಳಿಯ ದಿನಕ್ಕೆ ಇಟ್ಟುಕೊಂಡಿದ್ದೇನೆ.